ಉಳ್ಳಾಗಡ್ಡಿ ತಪ್ಪಲಿಗೆ ಅಯೋಡಿನ್ ಹಾಕಿದರೂ ನೀಲಿ ಬರುತ್ತಿಲ್ಲ

ಪ್ರಶ್ನೆ (ಗದಗ):
ಮಗಳು ಏಳನೇ ತರಗತಿಯಲ್ಲಿದ್ದಾಳೆ. ಎಲೆ ಬೆಳಕಿನಲ್ಲಿ ಆಹಾರ ತಯಾರಿಸುತ್ತದೆ ಎಂದು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ತೋರಿಸಬೇಕಿದೆ. ಹೊಲದಿಂದ ಉಳ್ಳಾಗಡ್ಡಿ ತಪ್ಪಲು ತಂದು ಬಿಸಿನೀರಿನಲ್ಲಿ ಬೇಯಿಸಿ, ಆಮೇಲೆ ಸ್ಪಿರಿಟ್‌ನಲ್ಲಿ ಕಾಯಿಸಿದೆವು. ಹಸಿರೆಲ್ಲ ಬಿಟ್ಟ ಮೇಲೆ ಅಯೋಡಿನ್ ಹನಿಸಿದರೆ ಬರೀ ಕಂದು ಬಣ್ಣ. ಮೂರು ಸಲವೂ ಹೀಗೆಯೇ ಆಯಿತು. ಅದೇ ಅಯೋಡಿನ್ ಅನ್ನದ ಅಗುಳನ್ನು ಕಪ್ಪುನೀಲಿ ಮಾಡುತ್ತದೆ. ಗಿಡ ದಿನವಿಡೀ ಬಿಸಿಲಿನಲ್ಲಿತ್ತು. ಎಲ್ಲಿ ತಪ್ಪಿದೆವು?

ಉತ್ತರ (ಹುಬ್ಬಳ್ಳಿ):
ಸ್ಪಿರಿಟ್ಟನ್ನು ಉರಿಯ ಮೇಲೆ ನೇರವಾಗಿ ಇಡಬೇಡಿ ಸರ್, ಅದರ ಆವಿಗೆ ಬೆಂಕಿ ಹತ್ತುತ್ತದೆ. ನೀರು ಕಾಯಿಸಿ, ಒಲೆ ಆರಿಸಿ, ಆಮೇಲೆ ಸ್ಪಿರಿಟ್ಟಿನ ಪ್ರನಾಳವನ್ನು ಆ ನೀರಿನೊಳಗೆ ಇಳಿಸಿ.

ಉತ್ತರ (ಧಾರವಾಡ):
ನಿಮ್ಮ ಕೈ ತಪ್ಪಿಲ್ಲ, ಎಲೆಯ ಆಯ್ಕೆ ತಪ್ಪಿದೆ. ಅಗುಳಿನ ಮೇಲೆ ಪರೀಕ್ಷಿಸಿದ್ದು ಬಹಳ ಒಳ್ಳೆಯದಾಯಿತು, ಅಯೋಡಿನ್ ಮೇಲಿನ ಅನುಮಾನ ಕಳೆಯಿತು. ಅದು ಗುರುತಿಸುವುದು ಪಿಷ್ಟವನ್ನು, ಸಕ್ಕರೆಯನ್ನಲ್ಲ.

ಎಲೆಯ ಪತ್ರಹರಿತ್ತು ಬೆಳಕನ್ನು ಹೀರುತ್ತದೆ. ಆ ಬಲದಿಂದ ನೀರು ಒಡೆದು ಆಮ್ಲಜನಕ ಹೊರಬರುತ್ತದೆ. ಕೂಡಿಬಂದ ಶಕ್ತಿಯಿಂದ ಗಿಡವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆ ಕಟ್ಟುತ್ತದೆ. ಇಲ್ಲಿಯವರೆಗೆ ದಾಸವಾಳವೂ ಉಳ್ಳಾಗಡ್ಡಿಯೂ ಒಂದೇ. ದಾಸವಾಳ ಹಗಲಿನ ಸಕ್ಕರೆಯಲ್ಲಿ ಒಂದು ಪಾಲನ್ನು ಪಿಷ್ಟವಾಗಿಸಿ ಎಲೆಯಲ್ಲೇ ಕೂಡಿಟ್ಟು, ರಾತ್ರಿ ಕರಗಿಸಿಕೊಳ್ಳುತ್ತದೆ. ಉಳ್ಳಾಗಡ್ಡಿಯ ಎಲೆ ಪಿಷ್ಟ ಕೂಡಿಡುವುದಿಲ್ಲ. ಸಕ್ಕರೆಯಾಗಿಯೇ ಇಟ್ಟುಕೊಂಡು ಗಡ್ಡೆಗೆ ಇಳಿಸುತ್ತದೆ. ಸಣ್ಣ ಉರಿಯಲ್ಲಿ ಹುರಿದ ಉಳ್ಳಾಗಡ್ಡಿ ಕೆಂಪಗಾಗುತ್ತಾ ಸಿಹಿಯಾಗುವುದನ್ನು ಅಡುಗೆಮನೆಯಲ್ಲಿ ನೋಡಿರುತ್ತೀರಿ.

ಕುಂಡದ ದಾಸವಾಳವನ್ನು ಎರಡು ದಿನ ಕತ್ತಲ ಕೋಣೆಯಲ್ಲಿಡಿ, ಹಳೆಯ ಪಿಷ್ಟ ಖಾಲಿಯಾಗಲಿ. ಬಳಿಕ ಒಂದು ಎಲೆಯ ನಡುವೆ ಎರಡೂ ಬದಿಗೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ ಐದಾರು ತಾಸು ಬಿಸಿಲಿಗಿಡಿ. ಜರ್ಮನಿಯ ಜೂಲಿಯಸ್ ಸ್ಯಾಕ್ಸ್ 1860ರ ದಶಕದಲ್ಲಿ ಬೆಳಕಿಗೂ ಎಲೆಯ ಪಿಷ್ಟಕ್ಕೂ ಇರುವ ನಂಟನ್ನು ತೋರಿಸಿದ್ದೂ ಅಯೋಡಿನ್‌ನಿಂದಲೇ.

ಉಳ್ಳಾಗಡ್ಡಿಯನ್ನು ಕೈಬಿಡಬೇಡಿ. ಅದರ ರಸಕ್ಕೆ ಬೆನೆಡಿಕ್ಟ್ ದ್ರಾವಣ ಬೆರೆಸಿ ಬಿಸಿ ಮಾಡಿದರೆ ನೀಲಿ ಹೋಗಿ ಇಟ್ಟಿಗೆಗೆಂಪಿನತ್ತ ತಿರುಗುತ್ತದೆ. ಸಕ್ಕರೆ ಇದೆ ಎಂದಷ್ಟೇ ಅದು ಹೇಳುತ್ತದೆ. ಬೆಳಕಿನ ಪಾತ್ರ ತೋರಿಸಲು ಕಾಗದ ಸಿಕ್ಕಿಸಿದ ಎಲೆಯೇ ಬೇಕು.

ಪ್ರಶ್ನೆ ಕೇಳಿದವರು (ಗದಗ):
ಬಂತು ಸರ್! ಕಾಗದವಿದ್ದ ಕಡೆ ಹಳದಿಗಂದು ಪಟ್ಟಿ, ಅದರ ಎರಡೂ ಬದಿಗೆ ಕಪ್ಪುನೀಲಿ. ಕ್ಲಿಪ್ ಕಚ್ಚಿದ್ದ ಗುರುತು ಕೂಡ ತಿಳಿಯಾಗಿ ಮೂಡಿದೆ. ಮಗಳು ಅದರ ಪಕ್ಕದಲ್ಲೇ ಕಂದು ಬಣ್ಣದ ಉಳ್ಳಾಗಡ್ಡಿ ತಪ್ಪಲನ್ನೂ ಇಡುತ್ತಾಳಂತೆ. ಬೆನೆಡಿಕ್ಟ್ ದ್ರಾವಣವನ್ನು ನಾಳೆ ಶಾಲೆಯಲ್ಲಿ ಕೇಳುತ್ತೇವೆ.