ಶ್ರೀಲಂಕಾದಲ್ಲಿ ಹಣದುಬ್ಬರ ಮೈನಸ್ ಆಗಿತ್ತು ಅಂತಾರೆ, ಹಾಗಾದ್ರೆ ಬೆಲೆ ಯಾಕೆ ಇಳಿದಿಲ್ಲ?

ಭಟ್ಟಿಮನೆ ಅಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡಕ್ಕಿ ಭಟ್ಟಿ. ಭತ್ತ ಕೊಳ್ಳುವುದು, ವಾರದ ಬಟವಾಡೆ, ಲೆಕ್ಕ ಎಲ್ಲ ನಾನೇ ನೋಡುತ್ತೇನೆ. ಹಾಗಾಗಿ ಬೆಲೆಯ ಮಾತು ಎಲ್ಲಿ ಬಂದರೂ ನನ್ನ ಕಿವಿ ಅಲ್ಲೇ.

2025ರ ಮಾರ್ಚ್‌ನಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಶ್ರೀಲಂಕಾಕ್ಕೆ ಹೋಗಿದ್ದೆವು. ನುವಾರಾ ಎಲಿಯಾ ಹತ್ತಿರದ ಸೀತಮ್ಮನ ಗುಡಿ ನೋಡಬೇಕು ಅಂತ ಬಹಳ ದಿನದ ಆಸೆ. ದಾರಿಯಲ್ಲಿ ನಮ್ಮ ಗೈಡ್ ಹೇಳಿದ: "ಅಮ್ಮಾ, 2021ರಲ್ಲಿ ತಿಂಗಳ ಸಾಮಾನಿಗೆ ಸಾಕಾಗ್ತಿದ್ದ ದುಡ್ಡು ಈಗ ಹದಿನೇಳು ಹದಿನೆಂಟು ದಿನಕ್ಕೇ ಮುಗಿಯುತ್ತೆ." ಹೋಟೆಲಿನ ಪೇಪರ್ ನೋಡಿದರೆ, ಫೆಬ್ರುವರಿಯ ಹಣದುಬ್ಬರ ಮೈನಸ್ 4.2 ಶೇಕಡಾ ಅಂತಿತ್ತು. 2024ರಲ್ಲಿ ಆರ್ಥಿಕತೆ 5 ಶೇಕಡಾ ಬೆಳೆದಿದೆ ಅಂತಲೂ ಓದಿದೆ.

ಅವನು ಸುಳ್ಳು ಹೇಳುವ ಹುಡುಗ ಅಲ್ಲ. ಊರಿಗೆ ಬಂದ ಮೇಲೂ ಇದು ತಲೆಯಿಂದ ಹೋಗಿಲ್ಲ. ಯಾರ ಮಾತು ಸರಿ?

ಪಿ.ಜೆ. ಬಡಾವಣೆ ಮೇಷ್ಟ್ರು

ಅಮ್ಮಾ, ಇಬ್ಬರದೂ ಸರಿ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ. ಮಕ್ಕಳು ಎಡವುತ್ತಿದ್ದದ್ದೂ ಇಲ್ಲೇ.

ಹಣದುಬ್ಬರ ಅಂದರೆ ಬೆಲೆ ಅಲ್ಲ. ಹೋದ ವರ್ಷದ ಇದೇ ತಿಂಗಳಿಗಿಂತ ಬೆಲೆ ಎಷ್ಟು ಏರಿತು ಅನ್ನುವ ಲೆಕ್ಕ. 2021ರ ಸೆಪ್ಟೆಂಬರ್‌ನಲ್ಲಿ ಒಂದು ಬೆಣ್ಣೆ ದೋಸೆಗೆ 50 ರೂಪಾಯಿ ಇತ್ತು ಅಂತ ಇಟ್ಟುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ 69.8 ಶೇಕಡಾ. ದೋಸೆ 85 ಆಯಿತು. ಮರುವರ್ಷ ಅದೇ ತಿಂಗಳು ಹಣದುಬ್ಬರ ಬರೀ 1.3. ಪೇಪರ್‌ನವರು "ಇಳಿಯಿತು" ಅಂತ ಬರೆದರು, ದೋಸೆ ಮಾತ್ರ 86ಕ್ಕೆ ಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ಮೈನಸ್ 0.5. ಆಗ ಇಳಿದದ್ದು ಐವತ್ತು ಪೈಸೆಯೂ ಅಲ್ಲ. 50ರ ದೋಸೆ ವಾಪಸ್ ಬರಲೇ ಇಲ್ಲ.

ಅಂದರೆ ಮೂರು ವರ್ಷದಲ್ಲಿ ಬೆಲೆ 1.71 ಪಟ್ಟು ಆಯಿತು. ಈಗ ಮೂವತ್ತು ದಿನವನ್ನು 1.71ರಿಂದ ಭಾಗಿಸಿ ನೋಡಿ. ಹದಿನೇಳೂವರೆ ಬರುತ್ತದೆ. ಆ ಹುಡುಗ ಪುಸ್ತಕ ಓದಿ ಹೇಳಿದ್ದಲ್ಲ, ಅವನ ಅಡಿಗೆಮನೆಯ ಲೆಕ್ಕ ಅದು.

ಬೆಳವಣಿಗೆಯೂ ಹಾಗೇ. ನಿಮ್ಮ ಭಟ್ಟಿಯಲ್ಲಿ ತಿಂಗಳಿಗೆ 1000 ಚೀಲ ಮಂಡಕ್ಕಿ ಆಗುತ್ತಿತ್ತು ಅನ್ನಿ. ಆ ದೇಶ 2022ರಲ್ಲಿ 7.3 ಶೇಕಡಾ ಕುಸಿಯಿತು: 927 ಚೀಲ. 2023ರಲ್ಲಿ ಇನ್ನೂ 2.3: ಸುಮಾರು 906. ಆಮೇಲೆ 5 ಶೇಕಡಾ ಬೆಳೆದರೆ 951. ಬೆಳೆದದ್ದು ನಿಜ. ಆದರೂ ಮೊದಲಿನ ಸಾವಿರ ಮುಟ್ಟಲಿಲ್ಲ ಅಲ್ವಾ?

ಭಟ್ಟಿಮನೆ ಅಕ್ಕ, ದಾವಣಗೆರೆ

ಸರ್, ಚೀಲದ ಲೆಕ್ಕ ನೇರ ಮನಸ್ಸಿಗೆ ಹೋಯಿತು. ಇನ್ನೊಂದು ಕೇಳ್ತೀನಿ. ಮೈನಸ್ ಆಗಿದ್ದು ಒಳ್ಳೆಯದೋ ಕೆಟ್ಟದ್ದೋ? ಭತ್ತದ ರೇಟು ಬಿದ್ದರೆ ನನಗೆ ಖುಷಿ. ಮಂಡಕ್ಕಿ ರೇಟು ಬಿದ್ದರೆ ಬಟವಾಡೆ ದಿನ ಎದೆ ಹೊಡೆದುಕೊಳ್ಳುತ್ತೆ.

ಪಿ.ಜೆ. ಬಡಾವಣೆ ಮೇಷ್ಟ್ರು

ಯಾವುದರ ಬೆಲೆ, ಯಾಕೆ ಬಿತ್ತು ಅನ್ನುವುದೇ ಮುಖ್ಯ. ಜನರ ಹತ್ತಿರ ದುಡ್ಡಿಲ್ಲದೆ ಸರಕು ಉಳಿದು ಬೆಲೆ ಬಿದ್ದರೆ ಅದು ರೋಗ. ಅಲ್ಲಿ ಹೆಚ್ಚಾಗಿ ಇಳಿದದ್ದು ಕರೆಂಟು, ಇಂಧನ. 2025ರ ಜನವರಿಯಲ್ಲಿ ವಿದ್ಯುತ್ ದರವನ್ನೇ ಸರಾಸರಿ 20 ಶೇಕಡಾ ಇಳಿಸಿದರು. ಡಾಲರ್‌ಗೆ 360ರ ಆಸುಪಾಸಿಗೆ ಹೋಗಿದ್ದ ಅವರ ರೂಪಾಯಿ ಸುಮಾರು 300ಕ್ಕೆ ಬಂದು ನಿಂತಿದ್ದೂ ನೆರವಾಯಿತು. ಅಲ್ಲಿನ ಕೇಂದ್ರ ಬ್ಯಾಂಕಿನ ಗುರಿ ಮೈನಸ್ ಅಲ್ಲ, 5 ಶೇಕಡಾ. 2025ರ ಆಗಸ್ಟ್‌ನಲ್ಲಿ ಹಣದುಬ್ಬರ ಮತ್ತೆ ಸೊನ್ನೆಗಿಂತ ಮೇಲೆ ಬಂತು.

ಹಳೇಪೇಟೆ ಬಿಡಿಭಾಗ

ನಾನು ಸ್ಪೇರ್ ಪಾರ್ಟ್ಸ್ ವ್ಯಾಪಾರದವನು. ಮೇಷ್ಟ್ರೇ, ಡಾಲರ್ ವಿಷಯ ಇನ್ನೂ ಸ್ವಲ್ಪ ಹೇಳಬೇಕಿತ್ತು. ಅಕ್ಕಾ, ಅಲ್ಲಿ ಹೊಸ ಗಾಡಿ ಕಂಡಿರಾ? ಕಂಡಿದ್ದರೂ ಕಡಿಮೆ. 2020ರಿಂದ ವಾಹನ ಆಮದನ್ನೇ ನಿಲ್ಲಿಸಿದ್ದರು. ಖಾಸಗಿ ಕಾರುಗಳಿಗೆ 2025ರ ಫೆಬ್ರುವರಿಯಲ್ಲಷ್ಟೇ ಬಾಗಿಲು ತೆರೆಯಿತು.

2022ರ ಏಪ್ರಿಲ್‌ನಲ್ಲಿ ಹೊರದೇಶದ ಸಾಲ ಕಟ್ಟಲಾಗದೆ ಕೈಚೆಲ್ಲಿದ ದೇಶ ಅದು. 2024ರ ಕೊನೆಗೆ ಖಜಾನೆಯಲ್ಲಿ ಸುಮಾರು 6 ಬಿಲಿಯನ್ ಡಾಲರ್ ಸೇರಿತ್ತು. ಅದರಲ್ಲಿ ಗಾಡಿ ತರಿಸದೆ ಉಳಿಸಿದ ಡಾಲರೂ ಇದೆ. ಸರಕಿನ ಮೇಲಿನ ವ್ಯಾಟ್ ತೆರಿಗೆ 8 ಶೇಕಡಾ ಇದ್ದದ್ದು 2024ರ ಜನವರಿಗೆ 18 ಆಗಿತ್ತು. ಅಲ್ಲಿ ಕಟ್ಟಿದವನೂ ನಿಮ್ಮ ಗೈಡೇ. ಬರೀ ಹಣದುಬ್ಬರ ನೋಡಿದರೆ ಇದು ಕಾಣಿಸಲ್ಲ.

ಭಟ್ಟಿಮನೆ ಅಕ್ಕ, ದಾವಣಗೆರೆ

ಅಣ್ಣಾ, ನಿಜ. ನಮ್ಮ ವ್ಯಾನಿನ ಸೀಟು ಹರಿದಿತ್ತು. "ಹೊಸದು ತಗೊಳ್ಳಲ್ವಾ?" ಅಂತ ಕೇಳಿದ್ದೆ. "ಗಾಡಿ ಬರ್ತಿಲ್ಲಮ್ಮ" ಅಂದಿದ್ದ. ಸಾಲ ಸಿಗದ್ದಕ್ಕೆ ಹಾಗೆ ಹೇಳ್ತಾನೆ ಅಂದುಕೊಂಡಿದ್ದೆ. ಅವನ ನಂಬರ್ ನನ್ನ ಹತ್ತಿರ ಇದೆ. ಅವನ ದುಡಿಮೆ 2021ಕ್ಕಿಂತ ಎಷ್ಟು ಏರಿದೆ ಅಂತ ಇವತ್ತೇ ಕೇಳ್ತೀನಿ. ಬೆಲೆಯ ಲೆಕ್ಕ ಮಾಡಿದೆವು, ಕೂಲಿಯದು ಬಾಕಿ ಇದೆ.