ಫ್ರೀ ಲೈಮ್ ಇಳಿಯುತ್ತಿಲ್ಲ, ಕ್ಲಿಂಕರ್ ಬರೀ ಪುಡಿ: ದಾರಿ ಹೇಳಿ

ಕೇಳಿದ್ದು: ನಮ್ಮದು ಸಿಮೆಂಟ್ ಕಾರ್ಖಾನೆ. ಹತ್ತು ದಿನದಿಂದ ಕ್ಲಿಂಕರ್ (ಸಿಮೆಂಟಿಗೆ ಅರೆಯುವ ಬೆಂದ ಉಂಡೆ) ಬೇಯಿಸುವ ಕಿಲ್ನ್‌ನಲ್ಲಿ, ಅಂದರೆ ತಿರುಗುವ ಕುಲುಮೆಯಲ್ಲಿ, ಫ್ರೀ ಲೈಮ್ (ಬೇರೆಯದರ ಜೊತೆ ಸೇರದೆ ಉಳಿದ ಸುಣ್ಣ) ಶೇ. 2.5ರಿಂದ 3ರ ನಡುವೆ ಇದೆ. ಕ್ಲಿಂಕರ್ ಆರಿಸುವ ಕೂಲರ್ ತುಂಬ ಧೂಳು. ಕಲ್ಲಿದ್ದಲು ಏರಿಸಿದರೆ ಎರಡು ಗಂಟೆ ಸರಿಹೋಗುತ್ತದೆ, ಆಮೇಲೆ ಮತ್ತೆ ಅದೇ. ಎಲ್‌ಎಸ್‌ಎಫ್ (ಮಿಶ್ರಣದಲ್ಲಿ ಸುಣ್ಣ ಎಷ್ಟಿದೆ ಎನ್ನುವ ಅಳತೆ) ಸರಾಸರಿ 96. ಅನುಭವ ಇರುವವರು ಹೇಳಿ.

ಕಂಟ್ರೋಲ್ ರೂಮಿನಿಂದ: ಸರ್, ಈ ಪಾಡು ನಾನೂ ಪಟ್ಟಿದ್ದೇನೆ. ಮೊದಲು ಕಲ್ಲಿದ್ದಲು ಏರಿಸುವುದನ್ನು ನಿಲ್ಲಿಸಿ. ನಾವು ಏರಿಸುತ್ತಲೇ ಹೋದೆವು. ಕಿಲ್ನ್ ಇನ್ಲೆಟ್‌ನಲ್ಲಿ ಆಕ್ಸಿಜನ್ ಶೇ. 1ಕ್ಕಿಂತ ಕೆಳಗಿಳಿಯಿತು, ಸಿಒ (ಕಾರ್ಬನ್ ಮೊನಾಕ್ಸೈಡ್) ಕಾಣಿಸಿಕೊಂಡಿತು. ಗಾಳಿ ಸಾಲದೆ ಉರಿ ಉದ್ದವಾಗಿ ಹಿಂದಕ್ಕೆ ಹೋಯಿತು. ಹಿಂಬದಿ ಬಿಸಿ, ಕ್ಲಿಂಕರ್ ಬೇಯುವ ಬರ್ನಿಂಗ್ ಝೋನ್ ಮಾತ್ರ ತಣ್ಣಗೆ. ಅವತ್ತು ಕೂಲರ್ ಹತ್ತಿರ ಒಂದು ದಪ್ಪ ಉಂಡೆ ತಂದು ಸುತ್ತಿಗೆಯಿಂದ ಒಡೆದೆ. ಹೊರಗೆ ಕಪ್ಪು, ಒಳಗೆ ಕಂದು. ಗಾಳಿ ಕಡಿಮೆಯಾಗಿ ಬೆಂದ ಕ್ಲಿಂಕರ್ ಹಾಗೇ ಇರುತ್ತದೆ. ನೀವೂ ನಾಲ್ಕು ಉಂಡೆ ಒಡೆದು ನೋಡಿ. ಫೀಡ್ (ಕಿಲ್ನ್‌ಗೆ ಹಾಕುವ ಪುಡಿ) ಸ್ವಲ್ಪ ಇಳಿಸಿ, ಆಕ್ಸಿಜನ್ ಶೇ. 2 ಮತ್ತು 3ರ ನಡುವೆ ತನ್ನಿ. ಟಾರ್ಕ್ (ಕಿಲ್ನ್ ತಿರುಗಿಸಲು ಬೇಕಾಗುವ ಬಲ), ಎನ್‌ಒಎಕ್ಸ್ (ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್) ಎರಡೂ ನಿಧಾನವಾಗಿ ಮೇಲೆ ಬಂದರೆ ಝೋನ್ ಬಿಸಿಯಾಗುತ್ತಿದೆ ಅಂತ. ದೂರದಿಂದ ಬಿಸಿ ಅಳೆಯುವ ಪೈರೋಮೀಟರ್ ಒಂದನ್ನೇ ನಂಬಬೇಡಿ, ಧೂಳಿದ್ದಾಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ.

ಲ್ಯಾಬಿನಿಂದ: ಸರಾಸರಿ 96 ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಗಂಟೆಗಂಟೆಯ ಸ್ಯಾಂಪಲ್ ಬಿಡಿಬಿಡಿಯಾಗಿ ನೋಡಿ. ನಮ್ಮಲ್ಲಿ ಒಂದು ಗಂಟೆ 92, ಇನ್ನೊಂದು ಗಂಟೆ 100 ಬರುತ್ತಿತ್ತು. ಕಲ್ಲಿದ್ದಲು ಅಷ್ಟೇ ಇದ್ದರೆ 92 ಅತಿಯಾಗಿ ಬೇಯುತ್ತದೆ, 100 ಬೇಯುವುದೇ ಇಲ್ಲ. ಕೊನೆಗೆ ನೋಡಿದರೆ ಪುಡಿ ಬೆರೆಸುವ ಬ್ಲೆಂಡಿಂಗ್ ಸೈಲೋದಲ್ಲಿ ಒಂದು ಕಡೆ ಏರೇಷನ್ನೇ (ಗಾಳಿ ಊದುವುದೇ) ನಡೆಯುತ್ತಿರಲಿಲ್ಲ.

ಇನ್ನೊಂದು ಕೆಲಸ, ಇವತ್ತೇ ಮಾಡಿ. ರಾ ಮೀಲ್ (ಕಿಲ್ನ್‌ಗೆ ಹೋಗುವ ಅರೆದ ಹಸಿ ಪುಡಿ) ಅನ್ನು 212 ಮೈಕ್ರಾನ್ ಜರಡಿಯಲ್ಲಿ ಹಾಕಿ. 90 ಮೈಕ್ರಾನ್ ರೆಸಿಡ್ಯೂ (ಜರಡಿ ಮೇಲೆ ಉಳಿದದ್ದು) ಸರಿಯಿದೆ ಅಂತ ಸುಮ್ನೆ ಕೂರಬೇಡಿ. ಮೇಲೆ ಉಳಿದದ್ದಕ್ಕೆ ತೆಳು ಆಸಿಡ್ ಹಾಕಿ. ಸುಣ್ಣಕಲ್ಲು ಬುಸ್ ಅಂತ ನೊರೆ ಎದ್ದು ಕರಗುತ್ತದೆ. ಬೀಕರ್ ತಳದಲ್ಲಿ ಹೊಳೆಯುವ ಹರಳು ಉಳಿದರೆ ಅದು ಹೆಚ್ಚಾಗಿ ದಪ್ಪ ಕ್ವಾರ್ಟ್ಜ್. 45 ಮೈಕ್ರಾನ್‌ಗಿಂತ ದಪ್ಪ ಕ್ವಾರ್ಟ್ಜ್ ಕಿಲ್ನ್‌ನಲ್ಲಿ ಸುಣ್ಣದ ಜೊತೆ ಪೂರ್ತಿ ಸೇರುವುದು ಬಹಳ ಕಷ್ಟ. ಎಷ್ಟು ಕಲ್ಲಿದ್ದಲು ಸುರಿದರೂ ಫ್ರೀ ಲೈಮ್ ಉಳಿದುಬಿಡುತ್ತದೆ.

ಮತ್ತೊಬ್ಬರು: ಈಚೆಗೆ ಕಲ್ಲಿದ್ದಲು ಬಿಟ್ಟು ಪೆಟ್‌ಕೋಕ್‌ಗೆ (ಗಂಧಕ ಹೆಚ್ಚಿರುವ ಪೆಟ್ರೋಲಿಯಂ ಇಂಧನ) ಬದಲಾಯಿಸಿದಿರಾ? ಅಲ್ಕಲಿಗೆ (ಸೋಡಿಯಂ, ಪೊಟ್ಯಾಸಿಯಂ ಕ್ಷಾರ) ಹೋಲಿಸಿದರೆ ಗಂಧಕ ಜಾಸ್ತಿಯಾದರೆ ಉಂಡೆ ಕಟ್ಟುವುದಿಲ್ಲ, ಪುಡಿಯೇ ಬರುತ್ತದೆ. ಹಾಟ್ ಮೀಲ್‌ನ (ಕಾದು ಕಿಲ್ನ್ ಒಳಗೆ ಬೀಳುವ ಪುಡಿ) ಸಲ್ಫೇಟ್ ನೋಡಿ.

ಕೇಳಿದವರು: ಪೆಟ್‌ಕೋಕ್ ಇಲ್ಲ. ಜರಡಿ ಹಾಕಿಸಿದೆ, 212ರ ಮೇಲೆ ಶೇ. 4 ಉಳಿಯಿತು. ಆಸಿಡ್ ಹಾಕಿದ ಮೇಲೂ ತಳದಲ್ಲಿ ಹರಳು ಚೆನ್ನಾಗಿಯೇ ಕಾಣುತ್ತಿದೆ. ನಾಳೆ ಈ ಪುಡಿ ಅರೆಯುವ ರಾ ಮಿಲ್ ನಿಲ್ಲಿಸಿ, ದಪ್ಪ ಕಣ ಬೇರ್ಪಡಿಸುವ ಸೆಪರೇಟರ್‌ನ ಸೀಲ್, ಬ್ಲೇಡ್ ನೋಡಿಸುತ್ತೇನೆ. ಕಲ್ಲಿದ್ದಲು ಈಗಲೇ ಇಳಿಸಿದ್ದೇನೆ.