ಆಡಿ ಟಿಟಿ ಕಾರಿಗೆ ಟೈರ್ ಯಾವ್ದು ಹಾಕ್ಸ್ಲಿ? ಸಹಾಯ ಬೇಕು (ದಾವಣಗೆರೆ)

ಎಲ್ರಿಗೂ ನಮಸ್ಕಾರ, ನಂದು ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕ್ವಾಟ್ರೋ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗೋ ಮಾಡೆಲ್ಲು), ಟೈರ್ ಸೈಜು 245/40 ಆರ್18 (ಅಗಲ 245 ಎಂಎಂ, ಪಕ್ಕದ ಎತ್ತರ ಅದ್ರ 40%, ರಿಮ್ 18 ಇಂಚು). ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ 2317 ಅಂತೈತೆ ಅಂದ್ರೆ 2017ರ 23ನೇ ವಾರದ್ದು, ಬಟನ್ (ನೆಲಕ್ಕೆ ತಾಗೋ ಭಾಗದ ಗೆರೆಗಳ ಆಳ) ಇನ್ನೂ 3 ಎಂಎಂ ಐತೆ, ಕಾನೂನಿನ 1.6ಕ್ಕಿಂತ ಜಾಸ್ತೀನೇ, ಆದ್ರೆ ರಬ್ಬರ್ ಕಲ್ಲಾಗೋಗೈತೆ. ಮೊನ್ನೆ ಮಳೇಲಿ ಚಿತ್ರದುರ್ಗದಿಂದ ವಾಪಸ್ ಬರುವಾಗ ಹೈವೇಲಿ ನಿಂತ ನೀರಿನ ಮೇಲೆ ಗಾಡಿ ತೇಲಿದಂಗಾತು, ಪಕ್ಕದಲ್ಲಿ ಮಗಳು ಕೂತಿದ್ಲು, ಎದೆ ಧಸಕ್ಕಂತು ನೋಡ್ರಿ.

ನಾಲ್ಕೂ ಒಟ್ಟಿಗೇ ಬದಲಾಯಿಸ್ತೀನಿ, ಕ್ವಾಟ್ರೋಗೆ ಎರಡು ಹೊಸದು ಎರಡು ಹಳೇದು ಬೇಡ. ಟ್ರ್ಯಾಕಿಗೆ ಹೋಗಲ್ಲ, ಮಳೇಲಿ ಹಿಡಿತ ಬೇಕು, ರೋಡ್ ಹಂಪ್ ಹೊಡೆದ್ರೆ ಸೈಡ್‌ವಾಲ್ ಒಡೀಬಾರ್ದು ಅಷ್ಟೇ. ಒಬ್ರು 235/45 ಹಾಕ್ಸಿ ಸಸ್ತಾ ಅಂದ್ರು, ಲೆಕ್ಕ ಹಾಕಿದ್ರೆ ವ್ಯಾಸ ಸುಮಾರು 15 ಎಂಎಂ ಜಾಸ್ತಿ ಆಗುತ್ತೆ, ಸ್ಪೀಡೋಮೀಟರ್ ಕಮ್ಮಿ ತೋರ್ಸುತ್ತೆ, ಅದಕ್ಕೆ ಮನಸ್ಸಿಲ್ಲ. ಮಿಷೆಲಿನ್ ಪೈಲಟ್ ಸ್ಪೋರ್ಟ್ 4 ಟೈರ್ ಹಾಕ್ಸಿ ಓಡ್ಸಿರೋರು ಯಾರಾದ್ರೂ ಇದೀರಾ? ದಾವಣಗೆರೇಲೇ ತರಿಸ್ಕೊಡ್ತಾರಾ, ಬೆಂಗಳೂರಿಗೇ ಹೋಗ್ಬೇಕಾ? ದಯವಿಟ್ಟು ಹೇಳ್ರಿ.